ಸೊಗದೆ ಎಂದುಕೊಂಡ ಬಳ್ಳಿ

ವಡೋದರಾಕ್ಕೆ ವರ್ಗವಾದಾಗ ನಮಗೆ ಮನೆ ಸಿಕ್ಕಿದ್ದು ಫತೇಗಂಜ್‌ನಲ್ಲಿ, ವಿದ್ಯಾರ್ಥಿಗಳ ಹಾಸ್ಟೆಲುಗಳ ಹಿಂದಿನ ಒಂದು ಗಲ್ಲಿಯಲ್ಲಿ. ಹಳೆಯ ಎರಡಂತಸ್ತಿನ ಮನೆ. ಮೇಲೆ ಮನೆಯ ಯಜಮಾನಿ ಇದ್ದರು. ಗಂಡನನ್ನು ಕಳೆದುಕೊಂಡು ಬಹಳ ವರ್ಷಗಳಾಗಿದ್ದ ಗುಜರಾತಿ ಹೆಂಗಸು. ಅಲ್ಲಿಯವರು ಚಿಕ್ಕಮ್ಮನನ್ನು ಕರೆಯುವ ಹಾಗೆ ನಾವು ಅವರನ್ನು ಮಾಸಿ ಎನ್ನುತ್ತಿದ್ದೆವು. ಕೆಳಗೆ ನಾನು ಮತ್ತು ಅಮ್ಮ. ನನಗೆ ವಿಮಾ ಕಚೇರಿಯಲ್ಲಿ ಕೆಲಸ. ಮದುವೆಯಾಗಲಿಲ್ಲ. ಕೊರೊನಾದ ಎರಡನೆಯ ಅಲೆಯಲ್ಲಿ ಅಪ್ಪ ತುಮಕೂರಿನ ಆಸ್ಪತ್ರೆಯಲ್ಲಿ ತೀರಿಹೋದ ಮೇಲೆ, ಅಮ್ಮ ನಾನು ಹೋದ ಊರಿಗೆಲ್ಲ ನನ್ನ ಜೊತೆಗೇ ಬರುತ್ತಿದ್ದಾಳೆ.

ಅಮ್ಮ ಮಧುಗಿರಿ ಕಡೆಯ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಆ ಕಡೆಯ ಬಂಡೆಗುಡ್ಡಗಳ ಗಿಡ, ಬಳ್ಳಿ, ಬೇರು ಅವಳಿಗೆ ಚೆನ್ನಾಗಿ ಗೊತ್ತು. ಶಾಲೆಯ ಮಕ್ಕಳು ಯಾವುದೋ ಎಲೆ ಕಿತ್ತುಕೊಂಡು ಬಂದು ಮುಂದೆ ಹಿಡಿದರೆ, ಅಮ್ಮ ಅದನ್ನು ಹರಿದು, ಎರಡು ಬೆರಳಲ್ಲಿ ತಿಕ್ಕಿ, ಮೂಗಿನ ಹತ್ತಿರ ಹಿಡಿದು ಹೆಸರು ಹೇಳುತ್ತಿದ್ದಳು. ಕಣ್ಣಲ್ಲಿ ನೋಡಿದ್ದಕ್ಕಿಂತ ಮೂಗಲ್ಲಿ ಕಂಡದ್ದನ್ನೇ ಅವಳು ನಂಬುತ್ತಿದ್ದದ್ದು. ನಾನು ಚಿಕ್ಕವಳಿದ್ದಾಗ ಕಣ್ಣು ಮುಚ್ಚಿಕೊಂಡು ಹತ್ತಾರು ಎಲೆಗಳ ಹೆಸರು ಹೇಳಿ ನನ್ನನ್ನು ನಗಿಸುತ್ತಿದ್ದಳು.

ಫತೇಗಂಜ್ ಮನೆಗೆ ಹಿತ್ತಲಿತ್ತು. ಒಂದು ನಿಂಬೆ ಗಿಡ, ತುಳಸಿ, ಕರಿಬೇವು. ಹಿಂದಿನ ಗೋಡೆಯ ಉದ್ದಕ್ಕೂ ಒಂದು ಬಳ್ಳಿ ಹಬ್ಬಿಕೊಂಡಿತ್ತು. ಬುಡ ನನ್ನ ಮಣಿಕಟ್ಟಿನಷ್ಟು ದಪ್ಪ. ಎಲೆಗಳು ಎಣ್ಣೆ ಸವರಿದ ಹಾಗೆ ಹೊಳೆಯುತ್ತಿದ್ದವು. ಬೇಸಿಗೆಯಲ್ಲಿ ಉಳಿದದ್ದೆಲ್ಲ ಬಾಡಿದರೂ ಈ ಬಳ್ಳಿಯ ಒಂದೆಲೆಯೂ ಬಾಡುತ್ತಿರಲಿಲ್ಲ. ಹೂವು ತಿಳಿ ನೇರಳೆ, ಬಾಯಗಲಿಸಿದ ಕಹಳೆಯ ಹಾಗೆ. ಎಲೆ ಚಿವುಟಿದರೆ ಹಾಲು ಬರುತ್ತಿತ್ತು.

ಅದರ ಹೆಸರೇನೆಂದು ಅಮ್ಮ ಮೊದಲ ವಾರವೇ ಮಾಸಿಯನ್ನು ಕೇಳಿದಳು.

"ಖಬರ್ ನಥಿ, ಬೇನ್," ಅಂದರು ಮಾಸಿ, ಗೊತ್ತಿಲ್ಲವೆಂದು ಕೈಯಾಡಿಸುತ್ತ. ಅವರು ಈ ಮನೆಗೆ ಸೊಸೆಯಾಗಿ ಬಂದಾಗಲೇ ಬಳ್ಳಿ ಅಲ್ಲಿತ್ತಂತೆ. ಗೋಡೆ ತಂಪಾಗಿರುತ್ತದೆ ಎಂದು ಬಿಟ್ಟಿದ್ದರು, ಅಷ್ಟೆ.

ಕಚೇರಿಯ ಗೆಳತಿಯೊಬ್ಬಳಿಗೆ ಚಿತ್ರ ತೋರಿಸಿದೆ. ಅಲಮಂಡಾ, ಅದರಲ್ಲಿ ನೇರಳೆ ಜಾತಿ ಎಂದಳು. ನರ್ಸರಿಯವನು ಇನ್ನೊಂದು ಹೆಸರು ಹೇಳಿದ. ಗಿಡ ಗುರುತಿಸುವ ಆ್ಯಪ್ ಎಲೆಯ ಚಿತ್ರಕ್ಕೆ ಒಂದು ಹೆಸರು, ಹೂವಿನ ಚಿತ್ರಕ್ಕೆ ಮತ್ತೊಂದು ಹೆಸರು ಕೊಟ್ಟಿತು. ನನಗೆ ಅಷ್ಟು ಸಾಕಾಗಿತ್ತು. ಅಮ್ಮನಿಗೆ ಸಾಕಾಗಲಿಲ್ಲ.

"ಹೆಸರು ಗೊತ್ತಿಲ್ದೆ ದಿನಾ ನೀರು ಹಾಕೋದು ಒಂಥರಾ ಇರುತ್ತೆ ಕಣೇ," ಅನ್ನುತ್ತಿದ್ದಳು. "ಯಾರ ಮನೆ ಮಗೂನೋ ಕೂರಿಸ್ಕೊಂಡು ಊಟ ಬಡಿಸ್ದಂಗೆ."

ಆ ಊರಲ್ಲಿ ಅಮ್ಮನಿಗೆ ಮಾಡಲು ಹೆಚ್ಚೇನೂ ಇರಲಿಲ್ಲ. ಹಿಂದಿ ಅಷ್ಟಕ್ಕಷ್ಟೆ, ಗುಜರಾತಿ ಬರುತ್ತಿರಲಿಲ್ಲ. ಮಾಸಿಯ ಜೊತೆ ಕೈಸನ್ನೆಯಲ್ಲೇ ಅರ್ಧ ಮಾತು. ಹಾಗಾಗಿ ಬಳ್ಳಿಯ ಹೆಸರು ಹುಡುಕುವುದೇ ಅವಳ ಕೆಲಸವಾಯಿತು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಗೋಡೆಯ ಹತ್ತಿರ ನಿಲ್ಲುತ್ತಿದ್ದಳು. ಎಲೆ ತಿರುವಿ ನರ ನೋಡುವಳು, ಹೂ ಬಿಡಿಸಿ ಒಳಗೆ ನೋಡುವಳು. ಎಲೆ ತಿಕ್ಕಿ ಮೂಗಿಗೆ ಹಿಡಿಯುವುದನ್ನೂ ನಾನು ನೋಡಿದ್ದೇನೆ.

ಚಳಿಗಾಲ ಕಳೆಯುವ ಹೊತ್ತಿಗೆ ಬಳ್ಳಿಯಲ್ಲಿ ಕಾಯಿ ಕಂಡವು. ಜೋಡಿ ಜೋಡಿಯಾಗಿ, ಒಂದಕ್ಕೊಂದು ಬೆನ್ನು ಹಾಕಿದ ಎಮ್ಮೆಕೋಡಿನ ಹಾಗೆ. ಒಣಗಿ ಒಡೆದಾಗ ಒಳಗಿಂದ ರೇಷ್ಮೆಯಂಥ ಹತ್ತಿ ಹಾರಿತು. ಆ ದಿನ ಅಮ್ಮನ ಮುಖ ಬೆಳಗಿದ್ದು ನನಗೆ ನೆನಪಿದೆ.

"ನೋಡೇ, ಇದು ಸೊಗದೆ ಜಾತಿ," ಅಂದಳು.

ಸೊಗದೆ ನಮ್ಮ ಕಡೆಯ ಗುಡ್ಡಗಳಲ್ಲಿ ಸಿಗುವ ಸಣ್ಣ ಬಳ್ಳಿ. ಅದರ ಬೇರು ಬಲು ಪರಿಮಳ. ಬೇಸಿಗೆಯಲ್ಲಿ ಅದನ್ನು ಜಜ್ಜಿ ಕುದಿಸಿ ಬೆಲ್ಲ ಹಾಕಿ ಪಾನಕ ಮಾಡುತ್ತಾರೆ. ಮೈಯ ಉಷ್ಣ ಇಳಿಯುತ್ತದೆ.

"ಸೊಗದೆ ಎಲ್ಲಿ, ಇದೆಲ್ಲಿ ಅಮ್ಮಾ," ಅಂದೆ. "ಅದು ಕಡ್ಡಿಯಷ್ಟು ಸಣ್ಣ. ಇದು ಗೋಡೇನೇ ನುಂಗಿದೆ. ಹೂ ನೋಡು ಎಷ್ಟು ದೊಡ್ಡದು."

"ಸೊಗದೆ ಹೂ ಯಾರು ನೋಡಿದಾರೆ? ಸಾಸಿವೆ ಗಾತ್ರ ಇರುತ್ತೆ. ನಮಗೆ ಬೇಕಾಗಿರೋದು ಬೇರು. ಎಲೆ ಎದುರುಬದುರು, ಹಾಲು ಬರುತ್ತೆ, ಕಾಯಿ ಜೋಡಿ, ಒಳಗೆ ಹತ್ತಿ. ಇನ್ನೇನು ಬೇಕು? ಮಣ್ಣು ಬೇರೆ, ನೀರು ಬೇರೆ. ಈ ಸೀಮೇಲಿ ಹಿಂಗೆ ಬೆಳೆಯುತ್ತೋ ಏನೋ."

"ವಾಸನೆ ಇದೆಯಾ?"

ನಾನು ಆಗ ಹೆಲ್ಮೆಟ್ ಹಾಕಿಕೊಂಡು ಸ್ಕೂಟರ್ ಚಾಲೂ ಮಾಡಿದ್ದೆ. ಅಮ್ಮ ಬುಡದಲ್ಲಿ ಕೆದಕಿ ಒಂದು ಎಳೆ ಬೇರು ತೆಗೆದು, ಉಗುರಿನಿಂದ ಸಿಪ್ಪೆ ಕೆರೆದು, ಮೂಗಿಗೆ ಹಿಡಿದಳು. ತುಂಬ ಹೊತ್ತು ಹಿಡಿದೇ ಇದ್ದಳು.

"ಇದೆ," ಅಂದಳು. "ಸ್ವಲ್ಪ ಕಮ್ಮಿ."

ಅಮ್ಮನ ಮೂಗು ಹೇಳಿದ ಮೇಲೆ ನನ್ನದೇನಿದೆ ಎಂದುಕೊಂಡು ನಾನು ಹೊರಟೆ.

ಆ ಬೇಸಿಗೆ ವಿಪರೀತ ಸೆಖೆ. ಮೇ ತಿಂಗಳಲ್ಲಿ ನನಗೆ ಉರಿಮೂತ್ರ ಶುರುವಾಯಿತು. ಎಳನೀರು, ಮಜ್ಜಿಗೆ ಎಂದು ಅಮ್ಮ ಹೇಳುತ್ತಲೇ ಇದ್ದಳು; ಕಚೇರಿಯ ಗಡಿಬಿಡಿಯಲ್ಲಿ ನಾನು ನೀರು ಕುಡಿಯುವುದೇ ಕಮ್ಮಿ. ಒಂದು ಮಧ್ಯಾಹ್ನ ಕಚೇರಿಯಲ್ಲಿದ್ದಾಗ ಮಾಸಿಯ ಫೋನ್ ಬಂತು.

"ಬೇಟಾ, ತಕ್ಷಣ ಬಾ. ನಿನ್ನ ಅಮ್ಮ ವಾಂತಿ ಮಾಡ್ತಾನೇ ಇದ್ದಾರೆ. ಎದ್ದು ನಿಲ್ಲೋಕೆ ಆಗ್ತಿಲ್ಲ."

ನಾನು ಹೋಗುವಷ್ಟರಲ್ಲಿ ಅಮ್ಮ ಅಡುಗೆಮನೆಯ ನೆಲದ ಮೇಲೆ ಗೋಡೆಗೊರಗಿ ಕೂತಿದ್ದಳು. ಮುಖ ಬಿಳಿಚಿತ್ತು. ಕೈ ತಣ್ಣಗೆ. "ಬಿಸಿಲಿಗೆ ಕಣೇ," ಅಂದಳು, ಅಷ್ಟೇ. ಕಿಟಕಿಯ ಬೆಳಕು ಹಳದಿ ಹಳದಿ ಕಾಣುತ್ತಿದೆ ಎಂದಳು. ಮಾಸಿ ರಿಕ್ಷಾ ಕರೆದಿದ್ದರು. ಇಬ್ಬರೂ ಸೇರಿ ಅವಳನ್ನು ಹತ್ತಿರದ ಆಸ್ಪತ್ರೆಗೆ ಸೇರಿಸಿದೆವು.

ಡ್ಯೂಟಿಯಲ್ಲಿದ್ದವಳು ಒಬ್ಬ ಕಿರಿಯ ವೈದ್ಯೆ. ಅಂಥ ಬಿಸಿಲಲ್ಲಿ ವಾಂತಿ ಮಾಡಿಕೊಂಡು ಬರುವವರು ಬಹಳ. ಡ್ರಿಪ್ ಹಾಕಿಸಿದಳು. ನಾಡಿ ಹಿಡಿದವಳು ಮತ್ತೊಮ್ಮೆ ಹಿಡಿದು ನೋಡಿದಳು. ಇಸಿಜಿ ತೆಗೆಸಿ, ಕಾಗದವನ್ನು ಬೆಳಕಿಗೆ ಹಿಡಿದು ನಿಂತಳು.

"ಇವರು ಹೃದಯಕ್ಕೆ ಮಾತ್ರೆ ತಗೊಳ್ತಾರಾ?" ಹಿಂದಿಯಲ್ಲಿ ಕೇಳಿದಳು.

"ಇಲ್ಲ. ಯಾವ ಮಾತ್ರೆಯೂ ಇಲ್ಲ."

"ಇಷ್ಟು ವಾಂತಿಯಾದರೆ ನಾಡಿ ಓಡಬೇಕು. ಇವರದು ತೀರಾ ನಿಧಾನ. ನಡುನಡುವೆ ತಪ್ಪುತ್ತಿದೆ. ಏನು ತಿಂದಿದ್ದರು?"

ನಾನು ಅಮ್ಮನ ಕಿವಿಯ ಹತ್ತಿರ ಬಗ್ಗಿದೆ.

"ಪಾನಕ," ಅಂದಳು ಅಮ್ಮ, ಕಣ್ಣು ತೆರೆಯದೆ. "ನಿಂಗೆ ಅಂತ ಮಾಡ್ದೆ. ಸರಿಯಾಗಿದೆಯಾ ಅಂತ ಒಂದು ಲೋಟ ಕುಡಿದೆ."

"ಯಾವುದರ ಪಾನಕ ಅಮ್ಮಾ?"

"ಸೊಗದೇದು. ಗೋಡೇ ಮೇಲಿಂದು."

ಅದನ್ನು ವೈದ್ಯೆಗೆ ಹೇಗೆ ಹೇಳಿದೆನೋ ನೆನಪಿಲ್ಲ. ಅವಳು ಕೇಳಿದ್ದು ಒಂದೇ ಮಾತು: "ಆ ಗಿಡದ ಹೆಸರೇನು?" ನನಗೆ ಗೊತ್ತಿರಲಿಲ್ಲ. ಮಾಸಿಗೂ ಗೊತ್ತಿರಲಿಲ್ಲ. ಹೆಸರಿಲ್ಲದೆ ಯಾವ ವಿಷವೆಂದು ಹಿಡಿಯುವುದು ಹೇಗೆ, ಯಾರನ್ನಾದರೂ ಕೇಳಲು ಹೆಸರಾದರೂ ಬೇಕಲ್ಲ, ಎಂದಳು. ಮಾಸಿ ಅದೇ ರಿಕ್ಷಾದಲ್ಲಿ ಮನೆಗೆ ಹೋಗಿ, ಹೂ ಕಾಯಿ ಇದ್ದ ಒಂದು ಕೊಂಬೆಯನ್ನೂ ಉಳಿದ ಬೇರನ್ನೂ ಫ್ರಿಜ್‌ನಲ್ಲಿದ್ದ ಪಾನಕದ ಜಗ್ಗನ್ನೂ ತಂದರು. ನಾನು ಮತ್ತೆ ಫೋನಿನಲ್ಲಿ ಚಿತ್ರ ತೆಗೆದೆ. ಮತ್ತೆ ನೇರಳೆ ಅಲಮಂಡಾ ಎಂದು ಬಂತು. ವೈದ್ಯೆ ತನ್ನ ಫೋನಿನಲ್ಲಿ ಏನೋ ಓದಿ ತಲೆಯಲ್ಲಾಡಿಸಿದಳು.

"ಅಲಮಂಡಾ ಹೊಟ್ಟೆ ಕೆಡಿಸುತ್ತೆ. ಹೃದಯವನ್ನು ಹೀಗೆ ಹಿಡಿಯೋದಿಲ್ಲ. ಗಿಡ ಗೊತ್ತಿರೋರು ಯಾರಾದರೂ ಇದ್ದಾರಾ ನಿಮ್ಮ ಕಡೆ?"

ಮಾಸಿಗೆ ಆಗ ಹೊಳೆಯಿತು. ಅವರ ಗಂಡನ ಸ್ನೇಹಿತರೊಬ್ಬರು ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ನಿವೃತ್ತರಾಗಿ ನಮ್ಮ ಪಕ್ಕದ ಗಲ್ಲಿಯಲ್ಲೇ ಇದ್ದರು. ಮಾಸಿ ಫೋನ್ ಮಾಡಿ ಗುಜರಾತಿಯಲ್ಲಿ ಅಳುತ್ತಲೇ ಮಾತಾಡಿದರು. ಸ್ವಲ್ಪ ಹೊತ್ತಿಗೆ ಬಿಳಿ ಪೈಜಾಮ ಕುರ್ತಾದಲ್ಲಿದ್ದ ತೆಳ್ಳನೆಯ ಮುದುಕರೊಬ್ಬರು ಸ್ಕೂಟರಿನಲ್ಲಿ ಬಂದರು. ನಮಸ್ಕಾರಕ್ಕೂ ನಿಲ್ಲದೆ ಕೊಂಬೆಗೆ ಕೈ ಚಾಚಿದರು.

ಮೊದಲು ಕಾಯಿ ನೋಡಿದರು. "ಅಲಮಂಡಾ ಅಂದವರು ಯಾರು? ಅದರ ಕಾಯಿ ದುಂಡಗೆ, ಮೈಯೆಲ್ಲ ಮುಳ್ಳು. ಇದು ಜೋಡಿ ಕೋಡು." ಆಮೇಲೆ ಹೂವನ್ನು ಉಗುರಿನಿಂದ ಉದ್ದಕ್ಕೆ ಸೀಳಿ, ಜೇಬಿನಿಂದ ಮಸೂರ ತೆಗೆದು ಒಳಗೆ ಇಣುಕಿದರು. ನನಗೂ ತೋರಿಸಿದರು. ಹೂವಿನ ಗಂಟಲಲ್ಲಿ ಸಣ್ಣ ಬಿಳಿ ಎಳೆಗಳಿದ್ದವು. ಪ್ರತಿ ಎಳೆಯೂ ತುದಿಯಲ್ಲಿ ಹಾವಿನ ನಾಲಿಗೆಯ ಹಾಗೆ ಎರಡಾಗಿ ಸೀಳಿತ್ತು.

"ರಬ್ಬರ್ ವೇಲ್," ಅಂದರು. "ರಬ್ಬರ್ ಬಳ್ಳಿ. ಹಿಂದೆ ಇದರ ಹಾಲಿನಿಂದ ರಬ್ಬರ್ ತೆಗೆಯಬಹುದು ಅಂತ ಹೊರದೇಶದಿಂದ ತಂದು ನೆಟ್ಟರು. ಈಗ ಬೇಲಿಯಲ್ಲೆಲ್ಲ ಇದೆ." ಆಮೇಲೆ ವೈದ್ಯೆಯ ಕಡೆ ತಿರುಗಿ ಅದರ ಲ್ಯಾಟಿನ್ ಹೆಸರನ್ನು ಕಾಗದದಲ್ಲಿ ಬರೆದುಕೊಟ್ಟು, ಇಂಗ್ಲಿಷಿನಲ್ಲಿ ಹೇಳಿದರು. ಹೃದಯಕ್ಕೆ ಕೊಡುವ ಒಂದು ಹಳೆಯ ಮದ್ದು ಇದೆ, ಹೆಚ್ಚಾದರೆ ಅದೇ ವಿಷ. ಈ ಬಳ್ಳಿಯಲ್ಲಿರುವುದು ಅದರ ಹತ್ತಿರದ ವಸ್ತು, ಬೇರಿನಲ್ಲೂ ಎಲೆಯಲ್ಲೂ ಇದೆ, ಎಂದು.

ವೈದ್ಯೆ ಇಸಿಜಿ ಕಾಗದವನ್ನು ಮತ್ತೊಮ್ಮೆ ನೋಡಿದಳು. "ಹಾಗಾದರೆ ಇದೆಲ್ಲ ತಾಳೆಯಾಗುತ್ತೆ," ಅಂದವಳು ಎದ್ದು ಓಡಿದಳು. ನಾಲ್ಕೈದು ಜನ ಬಂದರು. ಅಮ್ಮನನ್ನು ತೀವ್ರ ನಿಗಾ ಘಟಕಕ್ಕೆ ಒಯ್ದರು. ನಾಡಿ ಏರಿಸುವ ಇಂಜೆಕ್ಷನ್ ಕೊಟ್ಟರು, ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ನಾಡಿ ಇನ್ನೂ ಇಳಿದರೆ ಹೃದಯಕ್ಕೆ ತಂತಿ ಹಾಕಿ ಬಡಿಸಬೇಕಾಗುತ್ತದೆ ಎಂದು ನನ್ನಿಂದ ಸಹಿ ತೆಗೆದುಕೊಂಡರು. ನಾಡಿಯನ್ನು ಎರಡನೆಯ ಸಲ ಹಿಡಿದು ನೋಡದಿದ್ದರೆ ಡ್ರಿಪ್ ಮುಗಿಸಿ ಸಂಜೆ ಮನೆಗೆ ಕಳಿಸುವ ಸಾಧ್ಯತೆಯೂ ಇತ್ತು ಎಂದು ಆಮೇಲೆ ವೈದ್ಯೆಯೇ ಹೇಳಿದಳು. ಮನೆಯಲ್ಲಿ ಹೃದಯ ನಿಂತುಹೋಗಿದ್ದರೆ ಯಾರಿಗೂ ಕಾರಣ ತಿಳಿಯುತ್ತಿರಲಿಲ್ಲ.

ಹೊರಗೆ ಬೆಂಚಿನ ಮೇಲೆ ಮಾಸಿ ನನ್ನ ಕೈ ಹಿಡಿದು ಕೂತರು. ಪ್ರಾಧ್ಯಾಪಕರು ತುಸು ದೂರದಲ್ಲಿ ನಿಂತೇ ಇದ್ದರು.

"ನನಗೂ ಒಂದು ಲೋಟ ತಂದಿದ್ದರು, ಬೇಟಾ," ಅಂದರು ಮಾಸಿ. "ಇವತ್ತು ಏಕಾದಶಿ, ನನಗೆ ಉಪವಾಸ. ನಾಳೆ ಕುಡಿಯುತ್ತೀನಿ ಅಂತ ಮುಚ್ಚಿಟ್ಟೆ."

ಪಾನಕದ ಜಗ್ಗು ನಮ್ಮ ಕಾಲ ಹತ್ತಿರವೇ ಇತ್ತು. ನಾನು ಮುಚ್ಚಳ ತೆಗೆದು ಮೂಸಿದೆ. ಬೆಲ್ಲದ ವಾಸನೆ, ನಿಂಬೆಯ ವಾಸನೆ, ಏಲಕ್ಕಿ. ಅದರ ಅಡಿಯಲ್ಲಿ ಹಸಿ ಎಲೆ ಕೊಳೆತಂಥ ಒಂದು ವಾಸನೆ. ಸೊಗದೆಯ ಘಮ ಅಲ್ಲಿ ಎಳ್ಳಷ್ಟೂ ಇರಲಿಲ್ಲ. ನನ್ನಂಥವಳ ಮೂಗಿಗೂ ಅದು ತಿಳಿಯುತ್ತಿತ್ತು. ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದೆ; ಬೆಲ್ಲವನ್ನೂ ಮೀರಿ ಕಹಿ. ತಕ್ಷಣ ಉಗುಳಿ ಬಾಯಿ ತೊಳೆದುಕೊಂಡೆ. ಇದನ್ನು ಅಮ್ಮ ಹೇಗೆ ಒಂದು ಲೋಟ ಕುಡಿದಳು ಎಂಬುದು ನನಗೆ ಅರ್ಥವಾಗಲಿಲ್ಲ.

ಅಮ್ಮನ ನಾಡಿ ಇಳಿದು ಇಳಿದು ಒಂದು ಕಡೆ ನಿಂತಿತು. ತಂತಿ ಹಾಕುವ ಅಗತ್ಯ ಬೀಳಲಿಲ್ಲ. ಕೆಲವು ದಿನಗಳ ಮೇಲೆ ಅವಳನ್ನು ಸಾಮಾನ್ಯ ವಾರ್ಡಿಗೆ ತಂದರು. ಗಂಜಿ ಕುಡಿಸಿ, ತುಟಿ ಒರೆಸಿ, ನಾನು ಕೇಳಿದೆ.

"ಅಮ್ಮಾ, ಮೂಸಿ ನೋಡಿದೆ ಅಲ್ವಾ ನೀನು?"

ಅಮ್ಮ ಗೋಡೆಯ ಕಡೆ ತಿರುಗಿದಳು. ನಿದ್ದೆ ಹೋದಳೇನೋ ಎಂದುಕೊಂಡೆ.

"ನಂಗೆ ವಾಸನೆ ಬರಲ್ಲ ಕಣೇ," ಅಂದಳು.

"ಯಾವಾಗಿಂದ?"

"ಆ ಕೊರೊನಾ ಬಂದಾಗಿಂದ. ಎಲ್ರಿಗೂ ಹೋಗಿ ವಾಪಸ್ ಬಂತು ಅಂದ್ರು. ನಂಗೂ ಬರುತ್ತೆ ಅಂತ ಕಾದೆ. ಬರಲೇ ಇಲ್ಲ."

"ಒಂದು ಮಾತು ಹೇಳಬಾರದಾ?"

"ಏನಂತ ಹೇಳ್ಲಿ? ನಿಮ್ಮಪ್ಪ ಹೋಗಿದ್ರು. ಅಂಥದ್ರಲ್ಲಿ ನಂಗೆ ಮೂಗು ಹೋಯ್ತು ಅಂತ ಅಳ್ಲಾ?" ಗೋಡೆಯ ಕಡೆಗೇ ನೋಡುತ್ತ ಹೇಳಿದಳು: "ಆಸ್ಪತ್ರೆಯಿಂದ ಅವರ ಬಟ್ಟೆ ಕೊಟ್ರಲ್ಲ, ಚೀಲದಲ್ಲಿ. ಅಂಗಿ ತೆಗೆದು ಮುಖಕ್ಕೆ ಹಿಡ್ಕೊಂಡೆ. ಏನೂ ಇರಲಿಲ್ಲ. ಬರೀ ಬಟ್ಟೆ. ಆವತ್ತೇ ಗೊತ್ತಾಗಿದ್ದು ನಂಗೆ."

ಈ ವರ್ಷಗಳಲ್ಲಿ ಅವಳು ಒಗ್ಗರಣೆಯ ಸದ್ದು ಕೇಳಿ ಒಲೆ ಆರಿಸಿದ್ದಳು, ಹಾಲು ಕೆಟ್ಟಿದೆಯೇ ಎಂದು ಕುದಿಸಿ ನೋಡಿದ್ದಳು, ಹೂವಾಡಗಿತ್ತಿಯ ಮುಂದೆ ಮಲ್ಲಿಗೆಯನ್ನು ಮೂಗಿಗೆ ಹಿಡಿದು ತಲೆದೂಗಿದ್ದಳು. ರುಚಿಯೂ ಅರ್ಧ ಹೋಗಿತ್ತಂತೆ. ಉಪ್ಪು, ಸಿಹಿ, ಹುಳಿ, ಕಹಿ ಮಾತ್ರ ಅಷ್ಟಿಷ್ಟು ತಿಳಿಯುತ್ತಿತ್ತು. ಪಾನಕ ಕಹಿಯಾಗಿದೆ ಎಂದು ನಾಲಿಗೆ ಮಸುಕಾಗಿ ಹೇಳಿತ್ತಂತೆ. ಬೆಲ್ಲ ಕಮ್ಮಿಯಾಯಿತೇನೋ ಎಂದುಕೊಂಡು ಇನ್ನೊಂದು ಅಚ್ಚು ಹಾಕಿದ್ದಳು.

"ಮತ್ತೆ ಯಾಕೆ ವಾಸನೆ ಇದೆ ಅಂದೆ?"

"ಇರಬೇಕು ಅನ್ನಿಸ್ತು," ಅಂದಳು ಅಮ್ಮ. "ಉಳಿದದ್ದೆಲ್ಲ ಸರಿಯಾಗಿತ್ತಲ್ಲ."

ಮನೆಗೆ ಬಂದ ಮೇಲೆ ಪ್ರಾಧ್ಯಾಪಕರು ಒಂದು ಸಂಜೆ ನೋಡಲು ಬಂದರು. ಅಮ್ಮ ಸೆರಗು ಹೊದ್ದು ಕುರ್ಚಿಯಲ್ಲಿ ಕೂತಿದ್ದಳು. ಅವಳು ಕನ್ನಡದಲ್ಲಿ ಹೇಳಿದ್ದನ್ನು ನಾನು ಅವರಿಗೆ ಹಿಂದಿಯಲ್ಲಿ ಹೇಳುತ್ತಿದ್ದೆ. ಅದು ಸೊಗದೆ ಎಂದು ಯಾಕೆ ಅನ್ನಿಸಿತು ಎಂದು ಅವರು ವಿವರವಾಗಿ ಕೇಳಿದರು. ಎದುರುಬದುರು ಎಲೆ, ಹಾಲು, ಜೋಡಿ ಕಾಯಿ, ಬೀಜಕ್ಕೆ ಅಂಟಿದ ಹತ್ತಿ ಎಂದು ಅಮ್ಮ ಒಂದೊಂದೇ ಹೇಳಿದಳು. ಅವರು ತಲೆಯಾಡಿಸುತ್ತ ಕೇಳಿದರು.

"ಇವರು ಹೇಳಿದ್ದು ಸುಳ್ಳಲ್ಲ," ಅಂದರು ನನಗೆ. "ಎರಡೂ ಒಂದೇ ಕುಟುಂಬದವು. ಅದರೊಳಗಿನ ಪಂಗಡವೂ ಒಂದೇ. ಯಾವ ಪುಸ್ತಕವನ್ನೂ ನೋಡದೆ ಅಷ್ಟು ಹತ್ತಿರ ಬಂದಿದ್ದಾರೆ. ಹೇಳಿ ಅವರಿಗೆ."

ನಾನು ಹೇಳಿದೆ. ಅಮ್ಮ ಸಂತೋಷಪಡಲಿಲ್ಲ.

"ಕುಟುಂಬ ಗೊತ್ತಾಗಿ ಏನು ಬಂತು," ಅಂದಳು. "ಮಗಳಿಗೆ ಕುಡಿಸಿಬಿಡ್ತಿದ್ದೆ."

ಇದನ್ನು ನಾನು ಅನುವಾದ ಮಾಡಲಿಲ್ಲ. ಆದರೆ ಅವರಿಗೆ ಮುಖ ನೋಡಿಯೇ ತಿಳಿಯಿತೆಂದು ಕಾಣುತ್ತದೆ. ಚಹಾದ ಕಪ್ಪನ್ನು ಕೆಳಗಿಟ್ಟರು.

ಬಳ್ಳಿಯನ್ನು ಕಡಿಸಲೇಬೇಕೆಂದು ಮಾಸಿ ಹೇಳಿದರು. ರಜೆಗೆ ಅವರ ಮೊಮ್ಮಕ್ಕಳು ಬರುವುದಿತ್ತು. ಹಾಲು ಕಣ್ಣಿಗೆ, ಚರ್ಮಕ್ಕೆ ತಾಗದಂತೆ ಕೈಗವಸು ಹಾಕಿಕೊಳ್ಳಬೇಕು, ಕಡಿದದ್ದನ್ನು ಸುಡಬಾರದು, ಗಲ್ಲಿಯಲ್ಲಿ ಎಸೆದರೆ ದನ ತಿಂದು ಸಾಯುತ್ತವೆ ಎಂದು ಪ್ರಾಧ್ಯಾಪಕರು ಎಚ್ಚರಿಸಿದ್ದರು. ಇಬ್ಬರು ಕೆಲಸದವರು ಬಂದು ಕಡಿದು ಗೋಣಿಚೀಲಗಳಲ್ಲಿ ತುಂಬಿದರು. ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಗೋಡೆ ಬರಿದಾಯಿತು. ಎಲೆಗಳ ಹಿಂದೆ ಅಷ್ಟು ದಿನ ಕಾಣದಿದ್ದ ಸುಣ್ಣ ಕಿತ್ತುಹೋದ ಇಟ್ಟಿಗೆಗಳು ಕಂಡವು. ಅಡುಗೆಮನೆಗೆ ಮಧ್ಯಾಹ್ನದ ಬಿಸಿಲು ನೇರ ಬೀಳತೊಡಗಿತು.

ಮೂಗಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ತಡವಾಗಿದೆ, ಆದರೂ ಅಭ್ಯಾಸ ಮಾಡಿಸಿ ನೋಡಿ ಎಂದರು. ಬೆಳಿಗ್ಗೆ, ಸಂಜೆ ಲವಂಗ, ನಿಂಬೆ, ಗುಲಾಬಿ, ನೀಲಗಿರಿ ಎಣ್ಣೆಯನ್ನು ಮೂಗಿಗೆ ಹಿಡಿದು, ಆ ವಾಸನೆ ಹೇಗಿತ್ತೆಂದು ನೆನಪು ಮಾಡಿಕೊಳ್ಳಬೇಕು. ಅಮ್ಮ ಶಾಲೆಯ ಮಗುವಿನ ಹಾಗೆ ಶ್ರದ್ಧೆಯಿಂದ ಮಾಡಿದಳು. ಒಂದು ದಿನ ಲವಂಗ ಹಿಡಿದಾಗ "ಬಂತು!" ಅಂದಳು. ಆಮೇಲೆ ಅವಳೇ ತಡೆದು, "ಇಲ್ಲ, ಬರೀ ಖಾರ. ಮೂಗು ಚುರ್ ಅಂತು ಅಷ್ಟೆ," ಅಂದಳು. ಮಳೆಗಾಲ ಮುಗಿಯುವವರೆಗೂ ಮಾಡಿ, ಆಮೇಲೆ ತಾನೇ ಶೀಶೆಗಳನ್ನು ಎತ್ತಿಟ್ಟಳು. ನಾನು ಒತ್ತಾಯ ಮಾಡಲಿಲ್ಲ.

ಮುಂದಿನ ವರ್ಷ ನನಗೆ ಸೂರತ್‌ಗೆ ವರ್ಗವಾಯಿತು. ಈಗ ಅಡಾಜಣ್‌ನಲ್ಲಿ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೇವೆ. ಇಲ್ಲಿ ಹಿತ್ತಲಿಲ್ಲ. ಬಾಲ್ಕನಿಯಲ್ಲಿ ಅಮ್ಮ ಕೆಲವು ಕುಂಡ ಇಟ್ಟಿದ್ದಾಳೆ. ಅಂಗಡಿಯವನಿಂದ ಹೆಸರು ಕೇಳಿ ತಿಳಿದುಕೊಂಡ ಗಿಡ ಮಾತ್ರ ತರುತ್ತಾಳೆ. ಹೊಸಬರು ಮನೆಗೆ ಬಂದು ಯಾವುದೋ ಎಲೆ ತೋರಿಸಿದರೆ ಕೈಗೆ ತೆಗೆದುಕೊಳ್ಳುವುದಿಲ್ಲ. "ನಂಗೊತ್ತಿಲ್ಲ" ಎಂದುಬಿಡುತ್ತಾಳೆ. ಅಷ್ಟೆಲ್ಲ ತಿಳಿದವಳ ಬಾಯಲ್ಲಿ ಆ ಮಾತು ಕೇಳುವುದು ನನಗೆ ಇನ್ನೂ ಅಭ್ಯಾಸವಾಗಿಲ್ಲ.

ಮೊನ್ನೆ ನಾನು ಕಚೇರಿಯಿಂದ ಬಂದಾಗ ಬಾಗಿಲು ತೆರೆದೇ ಇತ್ತು. ಅಮ್ಮ ಎದುರು ಮನೆಯ ಹೊಸ್ತಿಲಲ್ಲಿ ಹಾಲಿನ ಪಾತ್ರೆ ಹಿಡಿದು ನಿಂತಿದ್ದಳು. ಆ ಮನೆಗೆ ಆ ವಾರವಷ್ಟೇ ಬಂದಿದ್ದ ಹೆಂಗಸಿಗೆ ತನಗೆ ವಾಸನೆ ಬರುವುದಿಲ್ಲ, ಹಾಲು ಕೆಟ್ಟಿದೆಯೇ ನೋಡಿ ಎಂದು ತನ್ನ ಅರೆಬರೆ ಹಿಂದಿಯಲ್ಲಿ ಹೇಳುತ್ತಿದ್ದಳು: "ಮುಝೆ ಬಾಸ್ ನಹೀ ಆತಾ. ಆಪ್ ದೇಖೋ ನಾ."

ಆ ಹೆಂಗಸು ಪಾತ್ರೆಯ ಮೇಲೆ ಬಗ್ಗಿ ಮೂಸಿ, "ಅಚ್ಛಾ ಹೈ, ಮಾಸಿ," ಅಂದಳು. ಅಮ್ಮ "ಹಾಂ" ಎಂದು ಪಾತ್ರೆ ತೆಗೆದುಕೊಂಡು ಒಳಗೆ ಬಂದು, ಒಲೆ ಹಚ್ಚಿ, ನನಗೆ ಕಾಫಿಗಿಟ್ಟಳು.